ಏಳನೇ ಭಾನುವಾರದ ಕಿರೀಟ

ತೆರ್ಸೇರಾ ದ್ವೀಪದಲ್ಲಿ ಪವಿತ್ರಾತ್ಮನ ಹೆಸರೆತ್ತಿ ಯಾರೂ ತಮಾಷೆ ಮಾಡುವುದಿಲ್ಲ. ಸಂತ ಅಂತೋನಿಯ ಮೇಲೆ ಹೆಂಡದಂಗಡಿಯಲ್ಲಿ ದಿನಕ್ಕೊಂದು ಕಥೆ ಕಟ್ಟುತ್ತಾರೆ, ಪಾದ್ರಿಗಳನ್ನು ಅವರ ಎದುರಿಗೇ ಗೇಲಿ ಮಾಡುತ್ತಾರೆ, ಆದರೆ ಪವಿತ್ರಾತ್ಮನ ವಿಷಯ ಬಂದರೆ ದೊಡ್ಡ ಬಾಯಿಯ ಗಂಡಸರೂ ಟೋಪಿ ತೆಗೆದು ನೆಲ ನೋಡುತ್ತಾರೆ. ಉಳಿದವರೆಲ್ಲ ಕ್ಷಮಿಸುತ್ತಾರೆ, ಈತ ಕ್ಷಮಿಸುವುದಿಲ್ಲ ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಹರಕೆ ಹೊತ್ತು ತೀರಿಸದವನ ಹಸು ಬತ್ತುತ್ತದೆ, ದೋಣಿ ಮಗುಚುತ್ತದೆ. ಯಾರ ಜೀವಕ್ಕಾಗಿ ಹರಕೆ ಹೊತ್ತರೋ ಅವರನ್ನೇ ಆತ ವಾಪಸ್ಸು ಕರೆಸಿಕೊಳ್ಳುತ್ತಾನೆ. ಇದನ್ನು ಕೇಳಿ ನಗಬೇಕೆನ್ನುವವರು ಕೆನಡಾಕ್ಕೆ ಹೋಗಿ ನಗುತ್ತಾರೆ.

ನಮ್ಮೂರು ರಿಬೇರಾ ದೊ ಮಾತೊದ ಇದಾಲಿನಾಳ ತಲೆಯ ಮೇಲೆ ಅಂಥದೊಂದು ಹರಕೆ ಹೆಚ್ಚುಕಡಿಮೆ ನಲವತ್ತು ವರ್ಷದಿಂದ ಕೂತಿತ್ತು. ದೊಡ್ಡ ಭೂಕಂಪ ಆದಾಗ ಅವಳಿಗೆ ಹದಿನೈದು. ಅದು ಹೊಸ ವರ್ಷದ ದಿನ. ಊಟ ಮುಗಿದು ಊರೆಲ್ಲ ಹೊಟ್ಟೆ ಭಾರ ಮಾಡಿಕೊಂಡು ಕೂತಿತ್ತು. ಅಡುಗೆಮನೆಯ ಹೊಗೆಗೂಡು ಕುಸಿದು ಅಲ್ಲಿದ್ದ ತಾಯಿ ಅಲ್ಲೇ ಹೋದಳು. ಮುಂದಿನ ಗೋಡೆ ಬಿದ್ದದ್ದು ಏಳು ವರ್ಷದ ತಮ್ಮ ಲಿಬೇರಿಯೊನ ಮೇಲೆ. ತಂದೆ ಹೊಲದಲ್ಲಿದ್ದ. ಇದಾಲಿನಾ ಬರಿಗೈಯಲ್ಲಿ ಕಲ್ಲು ಕೆದರುತ್ತಾ, ಉಗುರು ಕಿತ್ತುಹೋದದ್ದೂ ತಿಳಿಯದೆ, ಪವಿತ್ರಾತ್ಮನಿಗೆ ಕೇಳುವ ಹಾಗೆ ಕೂಗಿ ಹೇಳಿದಳು: ಇವನನ್ನು ಕೊಡು, ನಿನ್ನ ಕಿರೀಟವನ್ನು ನಮ್ಮ ಮನೆಗೆ ಕರೆದು ತಂದು ದೀಪ ಕಾಯುತ್ತೇನೆ, ನನ್ನ ತಲೆಯ ಮೇಲೆ ಹೊತ್ತು ಊರಿಗೆಲ್ಲ ಊಟ ಹಾಕುತ್ತೇನೆ. ಪಕ್ಕದ ಮನೆಯವರು ಹಾರೆ ಹಿಡಿದು ಓಡಿ ಬಂದರು. ಹುಡುಗ ಬಾಯಿ ತುಂಬ ಸುಣ್ಣದ ಪುಡಿ ತುಂಬಿಕೊಂಡು ಕೆಮ್ಮುತ್ತಾ ಹೊರಗೆ ಬಂದ. ಹರಕೆಯನ್ನು ಕೇಳಿದವರು ಹತ್ತಾರು ಜನ ಇದ್ದರು, ಆದ್ದರಿಂದ ಅದು ಊರಿನ ಹರಕೆಯೂ ಆಯಿತು.

ಕೊಟ್ಟ ಮಾತನ್ನು ಮಾರನೇ ವರ್ಷವೇ ತೀರಿಸಿಬಿಡಬಹುದಿತ್ತಲ್ಲ ಎಂದು ಹೊರಗಿನವರು ಕೇಳುತ್ತಾರೆ. ಹಾಗೆ ಆಗುವುದಿಲ್ಲ. ಈಸ್ಟರ್ ಮುಗಿದ ಮೇಲೆ ಏಳು ಭಾನುವಾರ, ಏಳು ಮನೆ. ಬೆಳ್ಳಿಯ ಕಿರೀಟ ಒಂದೊಂದು ಮನೆಯಲ್ಲಿ ಒಂದೊಂದು ವಾರ ಇರುತ್ತದೆ. ಯಾರ ಮನೆಗೆ ಎಂಬುದನ್ನು ಹಿಂದಿನ ವರ್ಷವೇ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಚೀಟಿ ಬಂದವರ ಮನೆಯ ಬಾಗಿಲು ಆ ವಾರ ತೆರೆದೇ ಇರಬೇಕು. ಸಂಜೆ ಊರವರು ಬಂದು ಜಪ ಹೇಳುತ್ತಾರೆ. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಕಿರೀಟವನ್ನು ಹರಕೆಯವರ ತಲೆಗಿಡುತ್ತಾರೆ. ಬ್ಯಾಂಡು ಬಾರಿಸಿಕೊಂಡು ಮೆರವಣಿಗೆ ಮನೆಗೆ ಬಂದು ಊಟಕ್ಕೆ ಕೂರುತ್ತದೆ. ಇದಾಲಿನಾ ಪ್ರತಿ ವರ್ಷ ಚೀಟಿ ಹಾಕಿದಳು. ಪ್ರತಿ ವರ್ಷ ಬೇರೆಯವರದು ಬಂತು. ಮೊನ್ನೆ ಮೊನ್ನೆ ಊರಿಗೆ ಸೊಸೆಯಾಗಿ ಬಂದವರಿಗೆಲ್ಲ ಬಂತು. ಪವಿತ್ರಾತ್ಮನಿಗೆ ಇದಾಲಿನಕ್ಕನ ಮನೆಯ ದಾರಿಯೇ ಗೊತ್ತಿಲ್ಲ ಎಂದು ಹೆಂಗಸರು ಆಡಿಕೊಂಡರು, ಅದೂ ಪಿಸುಮಾತಿನಲ್ಲಿ, ಶಿಲುಬೆಯ ಗುರುತು ಹಾಕಿಕೊಂಡು.

ತಾಯಿ ಇಲ್ಲದ ತಮ್ಮನನ್ನು ಅವಳೇ ಬೆಳೆಸಿದಳು. ಅಪ್ಪನ ಜೊತೆ ಕಲ್ಲು ಹೊತ್ತು ಅದೇ ಮನೆಯನ್ನು ಮತ್ತೆ ಎಬ್ಬಿಸಿದಳು. ಹಾಲಿನ ಡೇರಿಯ ಗುಮಾಸ್ತ ಅದೆಲಿನೊ ಮದುವೆಯಾಗುತ್ತೇನೆಂದಾಗ, ಹುಡುಗ ದೊಡ್ಡವನಾಗಲಿ ಅಂದಳು. ಅದೆಲಿನೊಗೆ ಹುಡುಗ ದೊಡ್ಡವನಾಗುವವರೆಗೆ ಕಾಯುವ ವ್ಯವಧಾನ ಇರಲಿಲ್ಲ, ಮುಂದಿನ ಚಳಿಗಾಲಕ್ಕೆ ಬೇರೆಯವಳನ್ನು ಕಟ್ಟಿಕೊಂಡ. ಇವಳು ಚೀಸು ಮಾಡುವ ಕಾರ್ಖಾನೆಗೆ ಸೇರಿದಳು. ಲಿಬೇರಿಯೊ ಮೀಸೆ ಬಂದ ಕೂಡಲೇ ಕೆನಡಾದಲ್ಲಿದ್ದ ಮಾವನ ಹತ್ತಿರ ಹಾರಿದ. ಅಪ್ಪ ತೀರಿಕೊಂಡಾಗ ಮನೆಯಲ್ಲಿ ತನಗೆ ಬಂದ ಪಾಲನ್ನೂ ಇದಾಲಿನಾ ತಮ್ಮನ ಹೆಸರಿಗೇ ಮಾಡಿಕೊಟ್ಟಳು. ಯಾಕೆ ಎಂದವರಿಗೆ, ಅವನೇನು ಬೇರೆಯವನಾ ಎಂದು ತಿರುಗಿ ಕೇಳಿದಳು. ಹಾಗೆ ತಿರುಗಿ ಕೇಳುವವರ ಮುಖ ನೋಡಿದರೇ ನನಗೆ ಸಿಟ್ಟು ಬರುತ್ತದೆ. ಪೆಟ್ಟು ತಿನ್ನುವುದಕ್ಕೆ ತಾವೇ ಬೆನ್ನು ಕೊಟ್ಟು ನಿಲ್ಲುತ್ತಾರೆ.

ಲಿಬೇರಿಯೊ ವಾಪಸ್ಸು ಬಂದದ್ದು ನಡುಪ್ರಾಯ ದಾಟಿದ ಮೇಲೆ, ಹೆಂಡತಿಯನ್ನು ಬಿಟ್ಟು, ಹೊಟ್ಟೆ ಬಿಟ್ಟುಕೊಂಡು. ಅವನ ಹತ್ತಿರ ಒಂದು ಯೋಚನೆಯಿತ್ತು, ಆ ಯೋಚನೆ ಈ ಮನೆಯೇ. ದ್ವೀಪಕ್ಕೆ ವಿಮಾನಗಳು ಹೆಚ್ಚಾಗಿದ್ದವು. ರಜೆ ಕಳೆಯಲು ಬರುವವರಿಗೆ ಹೋಟೆಲು ಬೇಡವಾಗಿತ್ತು, ಕಪ್ಪು ಕಲ್ಲಿನ ಗೋಡೆ, ಬಿಳಿ ಹೊಗೆಗೂಡು, ಹಿತ್ತಲಲ್ಲಿ ನೀಲಿ ಹೂವಿನ ಬೇಲಿ ಇರುವ ಹಳೇ ಮನೆ ಬೇಕಾಗಿತ್ತು. ಗೋಡೆಗೆ ಸುಣ್ಣ ಬಳಿಸಿದ, ಸ್ನಾನದಮನೆಗೆ ಗಾಜು ಹಾಕಿಸಿದ, ಬಾಗಿಲ ಮೇಲೆ 'ಅಜ್ಜಿ ಮನೆ' ಎಂದು ಹಲಗೆ ಬರೆಸಿದ. ಅಜ್ಜಿಯ ಫೋಟೋ ಮನೆಯಲ್ಲಿ ಇರಲಿಲ್ಲ. ಟೊರೊಂಟೊದ ಹಳೇ ಸಾಮಾನಿನ ಸಂತೆಯಲ್ಲಿ ಯಾವಳೋ ಮುದುಕಿಯ ಫೋಟೋ ಚೌಕಟ್ಟಿನ ಸಮೇತ ಸಿಕ್ಕಿತ್ತಂತೆ, ಅದನ್ನೇ ನಡುಮನೆಯಲ್ಲಿ ತೂಗುಹಾಕಿದ. ಇದಾಲಿನಾಳ ಮಂಚ, ಪೆಟ್ಟಿಗೆ, ಹೊಲಿಗೆ ಯಂತ್ರ ಎಲ್ಲ ಹಿಂದಿನ ದನದ ಕೊಟ್ಟಿಗೆಗೆ ಹೋದವು. ನೆಲಕ್ಕೆ ಸಿಮೆಂಟು ಹಾಕಿಸಿಕೊಟ್ಟ, ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದ. ಮನೆ ಗುಡಿಸುವುದು, ಹಾಸಿಗೆ ಬಟ್ಟೆ ಬದಲಾಯಿಸುವುದು, ಬಂದವರಿಗೆ ಸಿಹಿ ಬ್ರೆಡ್ಡು ಬೇಯಿಸಿಡುವುದು ಅವಳ ಕೆಲಸವಾಯಿತು. ಫೋಟೋದ ಮುದುಕಿ ಯಾರೆಂದು ಯಾರಾದರೂ ಸನ್ನೆಯಲ್ಲಿ ಕೇಳಿದರೆ, ನಮ್ಮಜ್ಜಿ ಎಂದು ಎದೆ ಮುಟ್ಟಿಕೊಂಡು ತೋರಿಸಬೇಕಿತ್ತು. ತೋರಿಸುತ್ತಿದ್ದಳು.

ಇಷ್ಟೆಲ್ಲ ಆದಮೇಲೆ ಚೀಟಿ ಬಂತು, ಅದೂ ಏಳನೇ ಭಾನುವಾರದ್ದು, ಎಲ್ಲದಕ್ಕಿಂತ ದೊಡ್ಡ ಹಬ್ಬದ್ದು. ಕಿರೀಟ ಇಡುವ ಪುಟ್ಟ ಬಣ್ಣದ ಗುಡಿಯ ಮುಂದೆ ಹಬ್ಬ ನಡೆಸುವ ಸಂಘದ ಯಜಮಾನ ಎಲ್ವೀನೊ ಟೋಪಿಯೊಳಗಿನಿಂದ ಚೀಟಿ ಎತ್ತಿ ಓದಿದಾಗ ಇದಾಲಿನಾ ನಿಂತಲ್ಲೇ ಕೂತುಬಿಟ್ಟಳು. ಹೆಂಗಸರು ಅವಳನ್ನು ಎತ್ತಿ ಮುದ್ದಿಟ್ಟರು. ಆಡಿಕೊಂಡವರೇ ಮೊದಲು ಅತ್ತರು. ಲಿಬೇರಿಯೊ ಎಲ್ಲರ ಎದುರಿಗೆ ಅಕ್ಕನನ್ನು ತಬ್ಬಿಕೊಂಡು, ಆ ವಾರ ಮನೆ ನಿನ್ನದೇ, ಯಾರಿಗೂ ಕೊಡುವುದಿಲ್ಲ, ನೀನು ನಿನ್ನ ಕೋಣೆಯಲ್ಲೇ ಮಲಗು ಎಂದ. ಆ ಬೇಸಗೆಯಿಡೀ ಅವಳು ಕೊಟ್ಟಿಗೆಯಲ್ಲಿ ಕೂತು ಬಲಿಪೀಠದ ಬಿಳಿ ಬಟ್ಟೆಗೆ ಕಸೂತಿ ಹಾಕಿದಳು. ತಮ್ಮನ ಜೀವ ಇನ್ನು ಯಾರ ಹಂಗಿನಲ್ಲೂ ಇರುವುದಿಲ್ಲ ಎಂದು ನೆನೆದರೆ ಅವಳಿಗೆ ಎದೆ ಹಗುರಾಗುತ್ತಿತ್ತು. ಇಷ್ಟು ವರ್ಷ ಅವನಿಗೆ ಜ್ವರ ಬಂದಾಗಲೆಲ್ಲ, ಅವನ ವಿಮಾನ ಹೊರಟಾಗಲೆಲ್ಲ ಅವಳು ಹೆದರಿ ಸತ್ತಿದ್ದಳು.

ಜನವರಿಯಲ್ಲಿ ಹೆನ್ನಿಂಗ್ ಮತ್ತು ಗುಡ್ರೂನ್ ಬಂದರು. ಹ್ಯಾಂಬರ್ಗಿನ ಗಂಡ ಹೆಂಡತಿ, ಇಬ್ಬರೂ ಕೆಲಸದಿಂದ ನಿವೃತ್ತರು. ವಸಂತದಲ್ಲಿ ಎರಡು ಮೂರು ತಿಂಗಳು ಇಲ್ಲೇ ಇರಬೇಕೆಂದು ಅವರ ಆಸೆ. ಫೋಟೋ ನೋಡಿ ಮನೆ ಹಿಡಿದು ಹಿಂದೊಮ್ಮೆ ಬೇರೆ ದೇಶದಲ್ಲಿ ಮೋಸಹೋಗಿದ್ದರಂತೆ, ಅದಕ್ಕೆ ಕಣ್ಣಾರೆ ನೋಡಿಯೇ ಆರಿಸಲು ಮಳೆಯಲ್ಲಿ ಬಂದಿದ್ದರು. ಲಿಬೇರಿಯೊ ಜೊತೆಗೆ ಸುತ್ತಿದ. ಬಂದರಿನ ಹತ್ತಿರದ ಮನೆಯಿಂದ ಸಮುದ್ರ ಚೆನ್ನಾಗಿ ಕಾಣುತ್ತಿತ್ತು, ಆದರೆ ಕಿಟಕಿಯ ಸಂದಿಯಲ್ಲಿ ಗಾಳಿ ಕೂಗಿ ಗುಡ್ರೂನಳಿಗೆ ಕಿವಿನೋವು ಬಂತು. ಗುಡ್ಡದ ಮೇಲಿನ ಹೊಸ ಮನೆಗೆ ಈಜುಕೊಳ ಇತ್ತು, ಬಿಸಿನೀರಿನದು. ಅದು ಹೆನ್ನಿಂಗನಿಗೆ ಬಹಳ ಹಿಡಿಸಿತು. ಅಜ್ಜಿ ಮನೆಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಒಲೆ ಉರಿಯುತ್ತಿತ್ತು, ಮನೆಯೊಳಗೆಲ್ಲ ಬ್ರೆಡ್ಡು ಬೆಂದ ಘಮ. ಆ ಹೊತ್ತಿಗೇ ಬೇಯುವ ಹಾಗೆ ಇಡು ಎಂದು ತಮ್ಮ ಹೇಳಿದ್ದ, ಅಕ್ಕ ಇಟ್ಟಿದ್ದಳು. ಗುಡ್ರೂನ್ ಫೋಟೋದ ಮುದುಕಿಯ ಬಗ್ಗೆ ಕೇಳಿದಳು, ಆಮೇಲೆ ಒಲೆಯ ಪಕ್ಕ ನಿಂತಿದ್ದ ಇದಾಲಿನಾಳನ್ನು ತೋರಿಸಿ ಇವರು ಯಾರು ಎಂದಳು. ಲಿಬೇರಿಯೊ ಇಂಗ್ಲಿಷಿನಲ್ಲಿ ಏನೋ ಹೇಳಿದ. ಮನೆ ನೋಡಿಕೊಳ್ಳುವವಳು ಅಂದೆ, ಅದು ಸುಳ್ಳಾ ಎಂದು ಆಮೇಲೆ ಅವನೇ ಅಕ್ಕನಿಗೆ ಹೇಳಿ ನಕ್ಕ. ಗುಡ್ರೂನ್ ಮಾತ್ರ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದಳು. ಒಳ್ಳೆಯ ಹೆಂಗಸು. ಅವಳ ಬಗ್ಗೆ ನನಗೆ ಯಾವ ದೂರೂ ಇಲ್ಲ, ಅದೇ ಇಲ್ಲಿ ದೊಡ್ಡ ತೊಂದರೆ.

ಗಂಡನ ಮನಸ್ಸು ಈಜುಕೊಳದ ಕಡೆಗೇ ವಾಲುತ್ತಿತ್ತು. ಆಗ ಲಿಬೇರಿಯೊ ಕುರ್ಚಿ ಎಳೆದು ಕೂತು ಕಿರೀಟದ ಕಥೆ ಹೇಳಿದ. ಈ ವರ್ಷ ಅದು ಈ ಮನೆಗೇ, ಈ ಕೋಣೆಗೇ ಬರುತ್ತದೆ ಎಂದ. ಇನ್ನೂ ಏನೇನೋ ಹೇಳಿದ. ಗುಡ್ರೂನಳ ಕಣ್ಣು ಒದ್ದೆಯಾದವು. ಏಪ್ರಿಲ್‌ನಿಂದ ಹಬ್ಬ ಕಳೆಯುವವರೆಗೆ ಮನೆ ಅವರದಾಯಿತು.

ಆ ರಾತ್ರಿ ಊಟಕ್ಕೆ ಮುಂಚೆಯೇ ಇದಾಲಿನಾ ತಮ್ಮನನ್ನು ಹಿಡಿದು ಕೇಳಿದಳು. ಆ ವಾರ ನನ್ನದು ಅಂದಿದ್ದೆಯಲ್ಲ ಎಂದಳು. ಅವನು ಬೇಸರವನ್ನೇ ಮಾಡಿಕೊಳ್ಳಲಿಲ್ಲ. ಕಿರೀಟ ಬರುತ್ತದೆ, ನಡುಮನೆಯಲ್ಲೇ ಕೂರುತ್ತದೆ, ಅವರು ಒಳಕೋಣೆಯಲ್ಲಿ ಇರುತ್ತಾರೆ, ನೀನು ಎಲ್ಲಿ ಮಲಗಿದರೆ ಪವಿತ್ರಾತ್ಮನಿಗೇನು ಎಂದ. ಮನೆ ಅವನದು. ಮನೆ ಬೇಡ, ಕಿರೀಟವನ್ನು ಕೊಟ್ಟಿಗೆಗೇ ತರುತ್ತೇನೆ ಎನ್ನಲು ಬಾಯಿ ಬರಲಿಲ್ಲ. ತಲೆಯಂತೂ ನನ್ನದೇ, ಮನೆಯೊಳಗೆ ಕಿರೀಟ ಬಂದರೆ ಸಾಕು, ಹರಕೆ ತೀರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ವಸಂತ ಬಂತು, ಅವರೂ ಬಂದರು, ದ್ವೀಪದಲ್ಲಿ ನೋಡುವುದನ್ನೆಲ್ಲ ನೋಡಿದರು. ದೋಣಿಯಲ್ಲಿ ಹೋಗಿ ತಿಮಿಂಗಿಲ ನೋಡಿ ಹೆನ್ನಿಂಗ್ ಮಗುವಿನ ಹಾಗೆ ಕುಣಿದ. ಕಪ್ಪು ಬಂಡೆಗಳ ನಡುವೆ ಕಟ್ಟಿ ನಿಂತ ಸಮುದ್ರದ ನೀರಿನಲ್ಲಿ, ನಮ್ಮವರು ಸ್ವೆಟರು ಬಿಚ್ಚದ ಚಳಿಯಲ್ಲೂ, ದಿನಾ ಈಜಿದರು. ಬೀದಿಯಲ್ಲಿ ಹಗ್ಗ ಕಟ್ಟಿ ಹೋರಿ ಬಿಡುವ ದಿನ ಹೆನ್ನಿಂಗ್ ಛತ್ರಿ ಬಿಚ್ಚಿಕೊಂಡು ಎದುರಿಗೆ ಹೋದ. ಹೋರಿ ತಿರುಗಿದ್ದೇ ತಡ ಗೋಡೆ ಹಾರಿದ, ಪ್ಯಾಂಟು ಹಿಂದೆ ಬಾಯಿಬಿಟ್ಟಿತು. ಊರು ಬಿದ್ದು ಬಿದ್ದು ನಕ್ಕಿತು, ಅವನೂ ನಕ್ಕ, ಆ ಸಂಜೆ ಅವನಿಗೆ ಹತ್ತು ಮನೆಯಲ್ಲಿ ಕುಡಿಯಲು ಕೊಟ್ಟರು. ಲಿಬೇರಿಯೊ ಕಾರು ಓಡಿಸಿದ, ವಿವರಿಸಿದ, ಫೋಟೋ ತೆಗೆದ.

ಒಂದು ದಿನ ಜ್ವಾಲಾಮುಖಿಯ ಗವಿಗೆ ಹೊರಟಾಗ ಗುಡ್ರೂನ್ ಇದಾಲಿನಾಳನ್ನೂ ಬಾ ಎಂದು ಎಳೆದಳು. ಈ ದ್ವೀಪದಲ್ಲೇ ಹುಟ್ಟಿದವಳು ಅದನ್ನು ನೋಡಿಲ್ಲವೆಂದರೆ ಅವಳಿಗೆ ನಂಬಲಾಗಲಿಲ್ಲ. ಇದಾಲಿನಾ ಚರ್ಚಿಗೆ ಹಾಕುವ ಬೂಟು ಹಾಕಿಕೊಂಡು ಹೋದಳು. ಮೆಟ್ಟಿಲು ಇಳಿದು ಇಳಿದು ಬೆಟ್ಟದ ಹೊಟ್ಟೆಯೊಳಗೆ ಹೋಗಬೇಕು, ತಲೆಯ ಮೇಲೆಲ್ಲ ಕಲ್ಲು. ಅರ್ಧ ದಾರಿಯಲ್ಲಿ ಅವಳಿಗೆ ಉಸಿರು ಸಿಕ್ಕಲಿಲ್ಲ. ಕಂಬಿ ಹಿಡಿದು ಮೆಟ್ಟಿಲ ಮೇಲೆ ಕುಸಿದಳು, ಕೈಗಳು ತಾವಾಗಿಯೇ ನೆಲ ಕೆದರತೊಡಗಿದವು. ಹಿಂದೆ ಬರುತ್ತಿದ್ದವರ ಸಾಲು ನಿಂತಿತು. ಲಿಬೇರಿಯೊಗೆ ನಾಚಿಕೆಯಾಯಿತು. ಹಳ್ಳಿ ಹೆಂಗಸು, ಕತ್ತಲೆ ಕಂಡರೆ ಭಯ ಎಂದು ಅತಿಥಿಗಳಿಗೆ ವಿವರಿಸಿ, ಅವಳನ್ನು ಮೇಲೆ ಕಳಿಸಿ, ಅವರನ್ನು ಕೆಳಗಿನ ಕೊಳ ತೋರಿಸಲು ಕರೆದುಕೊಂಡು ಹೋದ. ಕಲ್ಲಿನಡಿ ಸಿಕ್ಕಿದ್ದವನು ಅವನು, ಆರಾಮಾಗಿ ಇಳಿದು ಹೋದ.

ಏಳನೇ ವಾರ ಕಿರೀಟ ಬಂತು. ನಡುಮನೆಯಲ್ಲಿ ಬಲಿಪೀಠ ಕಟ್ಟಿದರು: ಕಸೂತಿಯ ಬಟ್ಟೆ, ಕಾಗದದ ಹೂ, ಹಂತ ಹಂತವಾಗಿ ದೀಪಗಳು, ಮೇಲೆ ಬೆಳ್ಳಿಯ ಕಿರೀಟ, ಅದರ ತುದಿಯಲ್ಲಿ ಪಾರಿವಾಳ. ಫೋಟೋದ ಮುದುಕಿಯನ್ನು ಲಿಬೇರಿಯೊ ಅಲ್ಲಿಂದ ತೆಗೆಯಲಿಲ್ಲ, ಅವಳಿಗೂ ಒಂದು ಹೂ ಸಿಕ್ಕಿಸಿದ. ಪ್ರತಿ ಸಂಜೆ ಊರು ಬಂದು ಮಂಡಿಯೂರಿತು. ಗುಡ್ರೂನ್ ಎಲ್ಲರಿಗಿಂತ ಮುಂದೆ ಮಂಡಿಯೂರಿದಳು, ಹಾಡನ್ನು ತಪ್ಪು ತಪ್ಪಾಗಿ ಕಲಿತು ದನಿಗೂಡಿಸಿದಳು, ಜನಕ್ಕೆ ಅದು ಬಹಳ ಮುದ್ದಾಗಿ ಕಂಡಿತು. ಜಪ ಮುಗಿದ ಮೇಲೆ ಬ್ರೆಡ್ಡು, ವೈನು ಹಂಚುವುದು, ಲೋಟ ತೊಳೆಯುವುದು ಇದಾಲಿನಾಳ ಪಾಲು. ರಾತ್ರಿ ದೀಪ ಆರದಂತೆ ಕಾಯಬೇಕಾದವಳು ಹರಕೆಯವಳು. ಆದರೆ ಅತಿಥಿಗಳು ಮಲಗುವ ಹೊತ್ತಿಗೆ ಅವಳು ಹೊರಗೆ ಬರಬೇಕು, ಬೀಗದ ಕೈ ಅವರದು. ಎಣ್ಣೆ ಹೊಯ್ಯುವುದನ್ನು ಗುಡ್ರೂನಳಿಗೆ ತೋರಿಸಿಕೊಟ್ಟು ಕೊಟ್ಟಿಗೆಗೆ ಹೋಗಿ ಕಿಟಕಿಯಿಂದ ಆ ಬೆಳಕನ್ನೇ ನೋಡುತ್ತಿದ್ದಳು. ಭಾನುವಾರ ಒಂದು ಬಂದರೆ ಸಾಕು ಎನ್ನುವುದೊಂದೇ ಅವಳ ಜಪ.

ಶನಿವಾರ ಬೆಳಿಗ್ಗೆ ಹಿತ್ತಲಲ್ಲಿ ಕರು ಕಡಿದು ಮಾಂಸ ಹೆಚ್ಚುತ್ತಿದ್ದರು. ಕರು ಲಿಬೇರಿಯೊ ಕೊಡಿಸಿದ್ದು. ಅವನು ಅಕ್ಕನ ಪಕ್ಕ ಬಂದು ನಿಂತು, ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲಿ ಹೇಳಿದ.

"ಅಕ್ಕ, ನಾಳೆ ಕಿರೀಟ ಗುಡ್ರೂನ್ ತಲೆ ಮೇಲಿಡ್ತಾರೆ. ಎಲ್ವೀನೊ ಹತ್ರ ಮಾತಾಡಾಗಿದೆ."

ಇದಾಲಿನಾ ಚಾಕು ಕೆಳಗಿಟ್ಟಳು. "ಚೀಟಿ ಬಂದಿರೋದು ನನ್ನ ಹೆಸರಿಗೆ."

"ಚೀಟಿ ನಿಂದೇ, ಯಾರು ಇಲ್ಲ ಅಂದ್ರು? ಜನವರೀಲೇ ಅವ್ರಿಗೆ ಮಾತು ಕೊಟ್ಟಿದೀನಿ. ಈ ಮನೆ ತಗೊಂಡಿದ್ದೇ ಅದಕ್ಕೆ. ಇಲ್ದಿದ್ರೆ ಈಜುಕೊಳದ ಮನೆಗೆ ಹೋಗ್ಬಿಡ್ತಿದ್ರು."

"ಆ ಹರಕೆ ನಿನ್ನ ಜೀವದ್ದು ಕಣೋ ಲಿಬೇರಿಯೊ."

ಮಾಂಸ ಹೆಚ್ಚುತ್ತಿದ್ದವರ ಕೈ ನಿಂತಿತು. ಲಿಬೇರಿಯೊ ಅವರ ಕಡೆ ನೋಡಿ ಒಂದು ನಗು ನಕ್ಕ.

"ನನ್ನ ಜೀವ ಉಳಿಸಿದ್ದು ಪಕ್ಕದ ಮನೆಯವರ ಹಾರೆ, ಅಕ್ಕ. ನೀನು ಅಳ್ತಾ ಕೂತಿದ್ದೆ ಅಷ್ಟೆ. ಮುಂದಿನ ವರ್ಷ ನಿನ್ನ ತಲೆಗೂ ಇಡ್ಸೋಣ ಬಿಡು."

ಅವಳ ಎಡಗೈಯ ಎರಡು ಬೆರಳಿಗೆ ಇವತ್ತಿಗೂ ಸರಿಯಾದ ಉಗುರಿಲ್ಲ. ಅದನ್ನು ಅವನ ಮುಖಕ್ಕೆ ಹಿಡಿದು ತೋರಿಸಬಹುದಿತ್ತು. ತೋರಿಸಲಿಲ್ಲ. ಅವನು ಆ ಬೆರಳುಗಳು ಹಿಡಿದು ತಿನ್ನಿಸಿದ ತುತ್ತು ತಿಂದು ಬೆಳೆದವನು, ನೋಡದೆ ಇದ್ದವನಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು ಅವಳು ಎಲ್ವೀನೊನ ಮನೆಗೆ ಹೋದಳು. ಎಲ್ವೀನೊ ಅವಳನ್ನು ಕೂರಿಸಿ, ಮುಖ ತಪ್ಪಿಸಿ ಮಾತಾಡಿದ. ಕಿರೀಟ ಯಾರ ತಲೆಯ ಮೇಲಿದ್ದರೂ ಕಿರೀಟವೇ, ದೂರದಿಂದ ಬಂದವರು ಆಸೆಪಟ್ಟರೆ ಇಲ್ಲ ಅನ್ನುವುದು ನಮ್ಮ ಹಬ್ಬಕ್ಕೆ ಶೋಭೆಯಲ್ಲ, ಊರಿಗೂ ನಾಲ್ಕು ಜನ ಬರುವ ಹಾಗಾಗಲಿ ಎಂದ. ಗುಡಿಯ ಮಾಡಿಗೆ ಹೊಸ ಹೆಂಚು ಹಾಕಿಸುತ್ತೇನೆಂದು ಲಿಬೇರಿಯೊ ಒಪ್ಪಿಕೊಂಡಿದ್ದ ಸಂಗತಿ ಊರಿಗೆಲ್ಲ ಗೊತ್ತಿತ್ತು, ಇವಳಿಗೊಬ್ಬಳಿಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಹೆಂಗಸರೂ ಹೋಗಲಿ ಬಿಡು ಇದಾಲಿನಕ್ಕ, ಒಂದು ವರ್ಷ ತಾನೇ ಎಂದರು. ಪವಿತ್ರಾತ್ಮನಿಗೆ ಹೆದರುವ ಊರು ನಮ್ಮದು. ಹೆಂಚು ಹೊಸದಾಗುತ್ತದೆಂದರೆ ಆ ಹೆದರಿಕೆ ಒಂದು ಬೆಳಗಿನ ಮಟ್ಟಿಗೆ ಪಕ್ಕಕ್ಕೆ ಸರಿದು ಕೂರುತ್ತದೆ, ಅದನ್ನು ನಾನೂ ಅವತ್ತೇ ಕಂಡುಕೊಂಡದ್ದು.

ಭಾನುವಾರ ಇದಾಲಿನಾ ಚರ್ಚಿಗೆ ಹೋಗಲಿಲ್ಲ. ಹೋದರೆ ಸಾರಿನ ಹಂಡೆ ನೋಡುವವರಿರಲಿಲ್ಲ. ಎಲೆಕೋಸು ಹಾಕಿದಳು, ಅಗಲ ತಟ್ಟೆಗಳಲ್ಲಿ ಬ್ರೆಡ್ಡು ಹರಡಿ ಮೇಲೆ ಪುದೀನ ಇಟ್ಟಳು. ದೂರದಲ್ಲಿ ಬ್ಯಾಂಡು ಶುರುವಾಯಿತು, ಪಟಾಕಿ ಹಾರಿತು. ಕಿರೀಟ ತಲೆಗೇರಿತು ಎಂದು ಅದರಿಂದ ತಿಳಿಯಿತು. ಮೆರವಣಿಗೆ ಅಂಗಳಕ್ಕೆ ಬಂದಾಗ ಗುಡ್ರೂನಳ ಮುಖವೆಲ್ಲ ಕಣ್ಣೀರು. ನೇರ ಅಡುಗೆಮನೆಗೆ ಬಂದವಳೇ ಕಿರೀಟ ತಲೆಯ ಮೇಲಿರುವಾಗಲೇ ಇದಾಲಿನಾಳನ್ನು ಬಿಗಿಯಾಗಿ ತಬ್ಬಿಕೊಂಡಳು. ಬೆಳ್ಳಿಯ ಅಂಚು ಇದಾಲಿನಾಳ ಹಣೆಗೆ ಒತ್ತಿ ಕೆಂಪಗೆ ಗುರುತಾಯಿತು. ಲಿಬೇರಿಯೊ ಬಾಗಿಲಲ್ಲಿ ನಿಂತು ಅದರ ಫೋಟೋ ತೆಗೆದ. ಅತ್ಯುತ್ತಮವಾಗಿ ಬಂದಿದೆ ಎಂದ.

ಊರು ಉಂಡಿತು. ಇಂಥ ಸಾರು ಎಷ್ಟೋ ವರ್ಷದಿಂದ ಉಂಡಿಲ್ಲ ಎಂದು ಹೊಗಳಿತು. ಮಧ್ಯಾಹ್ನ ಇಳಿದ ಮೇಲೆ ಎಲ್ಲರೂ ಬಣ್ಣದ ಗುಡಿಯ ಮುಂದೆ ಸೇರಿದರು, ಮುಂದಿನ ವರ್ಷದ ಚೀಟಿ ಎತ್ತಲು. ಎಲ್ವೀನೊ ಟೋಪಿ ಹಿಡಿದುಕೊಂಡು ನಿಂತಿದ್ದ, ಒಬ್ಬೊಬ್ಬರಾಗಿ ಬಂದು ಹೆಸರು ಹಾಕುತ್ತಿದ್ದರು. ಲಿಬೇರಿಯೊ ಜೇಬಿನಿಂದ ಪೆನ್ನು ತೆಗೆದು ಅಕ್ಕನ ಹೆಸರನ್ನು ತಾನೇ ಬರೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ತೋರಿಸಿ ಟೋಪಿಗೆ ಹಾಕಿದ. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಇದಾಲಿನಾ ಎದ್ದು ಮುಂದೆ ಬಂದಳು.

"ನನ್ನ ಚೀಟಿ ತೆಗೀರಿ ಎಲ್ವೀನೊ."

ಎಲ್ವೀನೊಗೆ ಅರ್ಥವಾಗಲಿಲ್ಲ. ಹರಕೆ ಇನ್ನೂ ಬಾಕಿ ಇದೆಯಲ್ಲ ಇದಾಲಿನಕ್ಕ, ತೆಗೆದರೆ ಹೇಗೆ ಎಂದ.

"ಹರಕೆ ಕೈಬಿಟ್ಟೆ. ಇವನನ್ನ ಕಲ್ಲಿನಡಿಯಿಂದ ಕೇಳಿ ಇಸ್ಕೊಂಡಿದ್ದೆ, ನಿಮ್ಮಲ್ಲಿ ಅರ್ಧ ಜನ ಕಿವಿಯಾರೆ ಕೇಳಿದೀರಿ. ಬೆಲೆ ಕೊಡೋಕಾಗ್ಲಿಲ್ಲ. ತಗೊಂಡಿದ್ದನ್ನ ಹಿಂದಕ್ಕೆ ಕೊಟ್ಟೆ. ಆತನಿಗೆ ಯಾವಾಗ ಬೇಕೋ ಆವಾಗ ತಗೊಂಡು ಹೋಗ್ಲಿ."

ಕೂಗಲಿಲ್ಲ, ಅಳಲಿಲ್ಲ. ಚೀಸು ಕಾರ್ಖಾನೆಯಲ್ಲಿ ಪಾಳಿ ಬದಲಾಯಿಸಿಕೊಳ್ಳುವಾಗ ಮಾತಾಡಿದ ಹಾಗೆ ಹೇಳಿದಳು. ಬ್ಯಾಂಡಿನವರೂ ಬಾಯಿಂದ ಪೀಪಿ ತೆಗೆದರು. ಲಿಬೇರಿಯೊ ಗಟ್ಟಿಯಾಗಿ ನಕ್ಕ, ಅವನ ಜೊತೆ ಯಾರೂ ನಗಲಿಲ್ಲ. ಅವನ ಪಕ್ಕ ಕೂತಿದ್ದವನು ಕುರ್ಚಿಯನ್ನು ಒಂದು ಮೊಳ ಆಚೆ ಎಳೆದುಕೊಂಡ. ಎಲ್ವೀನೊ ಟೋಪಿಯೊಳಗೆ ಹುಡುಕಿ ಅವಳ ಚೀಟಿಯನ್ನು ತೆಗೆದು ಅವಳ ಕೈಗಿಟ್ಟ. ಅವಳು ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಪಾತ್ರೆ ತೊಳೆಯಲು ಹೋದಳು.

ಹೆನ್ನಿಂಗನಿಗೂ ಗುಡ್ರೂನಳಿಗೂ ಅದೂ ಹಬ್ಬದ ಒಂದು ಭಾಗ ಎಂದೇ ಅನ್ನಿಸಿತು. ಲಿಬೇರಿಯೊ ಹಾಗೆಂದೇ ಅನುವಾದ ಮಾಡಿ ಹೇಳಿದ. ಅವರು ಸಂತೋಷವಾಗಿ ತಮ್ಮ ಊರಿಗೆ ಹೋದರು, ಇಷ್ಟು ಒಳ್ಳೆಯ ಮನೆ ಎಲ್ಲೂ ಸಿಗುವುದಿಲ್ಲ ಎಂದು ಬರೆದರು.

ಲಿಬೇರಿಯೊ ಮೊದಲಿನ ಕೆಲವು ದಿನ ಇದನ್ನೇ ಜೋಕು ಮಾಡಿ ಹೇಳಿದ. ಕೇಳುವವರಿರಲಿಲ್ಲ. ಹೆಂಡದಂಗಡಿಯಲ್ಲಿ ಅವನು ಬಂದರೆ ಪಕ್ಕದ ಸ್ಟೂಲು ಖಾಲಿಯಾಯಿತು. ಅವನ ಕಾರಿಗೆ ಯಾರೂ ಹತ್ತುತ್ತಿರಲಿಲ್ಲ. ಪೇಟೆಗೆ ಬಿಡುತ್ತೇನೆ ಎಂದು ನಿಲ್ಲಿಸಿದರೆ, ಬಸ್ಸು ಬರುತ್ತದೆ ಬಿಡಪ್ಪ ಎನ್ನುತ್ತಿದ್ದರು. ಮೀನುಗಾರರು ಅವನ ಅತಿಥಿಗಳನ್ನು ದೋಣಿಗೆ ಹತ್ತಿಸಿಕೊಂಡರು, ಅವನನ್ನು ದಡದಲ್ಲೇ ಬಿಟ್ಟರು. ಎಲ್ವೀನೊ ಹೆಂಚು ಬೇಡವೆಂದು ಹೇಳಿ ಕಳಿಸಿದ. ಬೇಡ ಎನ್ನುವ ಧೈರ್ಯ ಶನಿವಾರ ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಹುಷಾರು ಕಣಪ್ಪ ಎಂದು ಎದುರಿಗೆ ಸಿಕ್ಕವರು ಮೆಲ್ಲಗೆ ಹೇಳಿ ಹೋಗುತ್ತಿದ್ದರು. ಇಡೀ ಊರು ಅವನ ಸಾವಿಗೆ ಬಟ್ಟೆ ಇಸ್ತ್ರಿ ಮಾಡಿಟ್ಟುಕೊಂಡು ಕೂತ ಹಾಗಿತ್ತು.

ಬೇಸಗೆಯ ಕೊನೆಗೆ ಅವನ ನಗು ಹೋಯಿತು. ಎದೆ ನೋವು ಎಂದ, ವೈದ್ಯರು ಏನೂ ಇಲ್ಲ ಎಂದರು. ಏನೂ ಇಲ್ಲ ಎಂದದ್ದೇ ಅವನಿಗೆ ಇನ್ನೂ ಭಯವಾಯಿತು. ಬಟ್ಟೆ ಸಡಿಲವಾಯಿತು. ಕೊನೆಗೆ ಪಾದ್ರಿಗಳನ್ನೇ ಕರೆದುಕೊಂಡು ಕೊಟ್ಟಿಗೆಗೆ ಬಂದ. ಹೊಸ ಪಾದ್ರಿ, ಲಿಸ್ಬನ್ನಿನವರು, ಓದಿದವರು. ದೇವರು ಕೊಟ್ಟ ಜೀವವನ್ನು ವ್ಯಾಪಾರದ ಹಾಗೆ ವಾಪಸ್ಸು ಕೇಳುವುದಿಲ್ಲ, ಇದೆಲ್ಲ ಮೂಢನಂಬಿಕೆ, ತಮ್ಮನ ಸಮಾಧಾನಕ್ಕಾದರೂ ಇನ್ನೊಮ್ಮೆ ಹೆಸರು ಹಾಕಮ್ಮ ಎಂದು ಮೃದುವಾಗಿ ಬುದ್ಧಿ ಹೇಳಿದರು. ಇದಾಲಿನಾ ಅವರಿಗೆ ಕಾಫಿ ಕೊಟ್ಟಳು.

"ಹಾಗಾದ್ರೆ ಇವನ್ಯಾಕೆ ಹೆದರ್ತಿದಾನೆ ಫಾದರ್?"

ಪಾದ್ರಿಗಳು ಕಾಫಿ ಕುಡಿದು ಹೋದರು.

ಮಾರನೇ ಬೆಳಿಗ್ಗೆ ಲಿಬೇರಿಯೊ ತಾನೇ ಅವಳ ಪೆಟ್ಟಿಗೆಯನ್ನು ಹೊತ್ತು ಮನೆಯ ದೊಡ್ಡ ಕೋಣೆಯಲ್ಲಿಟ್ಟ. ಮನೆ ನಿನ್ನ ಹೆಸರಿಗೇ ಬರೆದುಕೊಡುತ್ತೇನೆ, ಒಂದು ಸಲ ಚೀಟಿ ಹಾಕು, ನಿನ್ನ ತಲೆಗೇ ಇಡಿಸುತ್ತೇನೆ, ನಾನೇ ಬರಿಗಾಲಲ್ಲಿ ಹಿಂದೆ ಬರುತ್ತೇನೆ ಎಂದ. ತನ್ನ ಕಾಲು ಹಿಡಿದು ಕೂತವನನ್ನು ಅವಳು ನೋಡುತ್ತಾ ನಿಂತಳು. ಅವನಿಗೆ ಕೆಮ್ಮು ಬಂದರೂ ನಿದ್ದೆ ಬಿಡುತ್ತಿದ್ದವಳು ಅವಳು. ಈಗ ಅವನ ಬೋಳುತಲೆಯ ಮೇಲೆ ಮೂಡಿದ್ದ ಬೆವರು ನೋಡಿ ಅವಳಿಗೆ ಸಂತೋಷವಾಯಿತು. ಆ ಸಂತೋಷಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ.

"ನಾಳೆ ಅತಿಥಿಗಳು ಬರ್ತಾರೆ," ಅಂದಳು. "ಏಳು, ಹಾಸಿಗೆ ಬಟ್ಟೆ ಬದಲಾಯಿಸ್ಬೇಕು."

ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಕೊಟ್ಟಿಗೆಗೆ ವಾಪಸ್ಸು ಹೋದಳು. ಅಂದಿನಿಂದ ಲಿಬೇರಿಯೊ ದಿನಾ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅವಳು ಕಾಫಿ ಕುಡಿದು ಮುಗಿಸುವವರೆಗೆ ಅವನನ್ನು ನಿಲ್ಲಿಸಿಯೇ ಇರುತ್ತಾಳೆ. ಏನಂದೆ ಅಕ್ಕ ಎಂದು ಅವನು ಕೇಳುತ್ತಾನೆ. ಯೋಚನೆ ಮಾಡ್ತಿದೀನಿ ಎನ್ನುತ್ತಾಳೆ. ಅವಳು ಯೋಚನೆ ಮಾಡುತ್ತಿಲ್ಲ.